ಮೂಗೇಟಿಗೆ ಮೊದಲು ತಣ್ಣೀರು, ಎರಡು ದಿನ ಕಳೆದ ಮೇಲೆ ಶಾಖ

ಪ್ರಶ್ನೆ: ನನ್ನ ಮಗನಿಗೆ 9 ವರ್ಷ. ನಾಲ್ಕು ದಿನದ ಹಿಂದೆ ಸೈಕಲ್ಲಿನಿಂದ ಬಿದ್ದ. ಚರ್ಮ ಕಿತ್ತಿಲ್ಲ, ಆದರೆ ತೊಡೆಯ ಮೇಲೆ ಅಂಗೈ ಅಗಲ ನೀಲಿಗಟ್ಟಿತು. ನಮ್ಮತ್ತೆಯವರು ಅವತ್ತೇ ಎಣ್ಣೆ ಹಚ್ಚಿ ನೀವಿ, ಉಪ್ಪಿನ ಶಾಖ ಕೊಟ್ಟರು. ಮಾರನೆಯ ದಿನ ಅರಿಶಿನ, ಸುಣ್ಣ ಕಲಸಿ ಪಟ್ಟು ಹಾಕಿದರು. ಊತ ಹೆಚ್ಚಾಯಿತು. ಈಗ ನೋವು ಇಳಿದಿದೆ, ಓಡಾಡುತ್ತಾನೆ, ಆದರೆ ಸುತ್ತ ಹಸಿರು, ಹಳದಿ ಬಣ್ಣ ಬಂದಿದೆ. ಒಳಗೆ ಕೀವಾಗಿದೆಯೇ? ಎಕ್ಕದ ಎಲೆ ಕಟ್ಟಬಹುದೇ?
– ಓದುಗರು, ತಿಪಟೂರು

ಉತ್ತರ: ಗಾಬರಿಯಾಗಬೇಡಿ, ನೀವು ಹೇಳಿದ ಲಕ್ಷಣಗಳು ಕೀವಿನವಲ್ಲ. ಪೆಟ್ಟು ಬಿದ್ದಾಗ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ಒಡೆದು ರಕ್ತ ಸೋರುತ್ತದೆ. ಸೋರಿದ ರಕ್ತದ ಹಿಮೋಗ್ಲೋಬಿನ್ನನ್ನು ದೇಹ ಒಡೆಯುತ್ತಾ ಹೋದಂತೆ ಮೊದಲು ಬಿಲಿವರ್ಡಿನ್ ಎಂಬ ಹಸಿರು ಅಂಶ, ಅದರಿಂದ ಬಿಲಿರುಬಿನ್ ಎಂಬ ಹಳದಿ ಅಂಶ ಹುಟ್ಟುತ್ತದೆ. ಕಾಮಾಲೆಯಲ್ಲಿ ಕಣ್ಣು ಹಳದಿಯಾಗುವುದೂ ಇದೇ ಬಿಲಿರುಬಿನ್ನಿನಿಂದ. ಅಂದರೆ ಮಗು ವಾಸಿಯಾಗುತ್ತಿದ್ದಾನೆ. ಪೂರ್ತಿ ಮಾಯಲು ಎರಡು ವಾರ ಹಿಡಿಯಬಹುದು, ಕಾಲಿನದಾದರೆ ಇನ್ನೂ ನಿಧಾನ. ಕೀವಾಗಿದ್ದರೆ ನೋವು ದಿನೇದಿನೇ ಏರಿ, ಆ ಜಾಗ ಕೆಂಪಾಗಿ ಮುಟ್ಟಿದರೆ ಬಿಸಿ ಹತ್ತುತ್ತದೆ, ಜ್ವರವೂ ಬರುತ್ತದೆ.

ಊತ ಹೆಚ್ಚಾಗಿದ್ದು ಶಾಖದಿಂದ ಇರಬೇಕು. ಅತ್ತೆಯವರನ್ನು ದೂರಬೇಡಿ. ಶಾಖ ಒಳ್ಳೆಯದೇ, ಕೊಟ್ಟ ಹೊತ್ತು ಸರಿಯಿರಲಿಲ್ಲ. ಶಾಖ ರಕ್ತನಾಳವನ್ನು ಹಿಗ್ಗಿಸುತ್ತದೆ. ಇನ್ನೂ ಸೋರುತ್ತಿರುವ ನಾಳ ಹಿಗ್ಗಿದರೆ ಮತ್ತಷ್ಟು ಸೋರುತ್ತದೆ. ಹಾಗಾಗಿ ಮೊದಲ 48 ಗಂಟೆ ತಣ್ಣನೆಯದೇ ಮದ್ದು. ಐಸ್ ತುಂಡುಗಳನ್ನು ಕರವಸ್ತ್ರದಲ್ಲಿ ಸುತ್ತಿ 10–15 ನಿಮಿಷ ಇಡಿ, ಎರಡು ಮೂರು ಗಂಟೆ ಬಿಟ್ಟು ಮತ್ತೆ ಇಡಿ. ಐಸನ್ನು ನೇರವಾಗಿ ಚರ್ಮಕ್ಕೆ ಒತ್ತಬಾರದು, ತಣ್ಣಗೇ ಸುಡುತ್ತದೆ. ಫ್ರಿಜ್ ಇಲ್ಲದಿದ್ದರೆ ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಸಾಕು. ಕಾಲನ್ನು ದಿಂಬಿನ ಮೇಲೆ ಎತ್ತಿಡಿಸಿ.

ಎರಡು ದಿನ ಕಳೆದ ಮೇಲೆ ಅತ್ತೆಯವರ ಉಪ್ಪಿನ ಗಂಟಿಗೆ ಸಮಯ. ಆಗ ಹಿಗ್ಗಿದ ನಾಳಗಳು ಸೋರಿದ ರಕ್ತವನ್ನು ಸಾಗಿಸಿಕೊಂಡು ಹೋಗಲು ನೆರವಾಗುತ್ತವೆ. ನಿಮ್ಮ ಮಗನಿಗೆ ಈಗ ಧಾರಾಳವಾಗಿ ಕೊಡಿ, ಆದರೆ ಗಂಟನ್ನು ಮೊದಲು ನಿಮ್ಮ ಮಣಿಕಟ್ಟಿನ ಮೇಲಿಟ್ಟು ಬಿಸಿ ನೋಡಿಕೊಳ್ಳಿ.

ನೀವುವುದನ್ನು ಮಾತ್ರ ನಿಲ್ಲಿಸಿ. ತೊಡೆಯ ಸ್ನಾಯುವಿಗೆ ಆಳವಾದ ಪೆಟ್ಟು ಬಿದ್ದಾಗ ಗಟ್ಟಿಯಾಗಿ ತಿಕ್ಕಿದರೆ, ಕೆಲವು ವಾರಗಳ ಮೇಲೆ ಸ್ನಾಯುವಿನೊಳಗೇ ಮೂಳೆ ಬೆಳೆಯುವ ಅಪಾಯವಿದೆ. ನೋವಿಗೆ ತೂಕಕ್ಕೆ ತಕ್ಕ ಪ್ಯಾರಸಿಟಮಾಲ್ ಸಾಕು. ಮಕ್ಕಳಿಗೆ ಆಸ್ಪಿರಿನ್ ಬೇಡವೇ ಬೇಡ.

ಅರಿಶಿನವೊಂದನ್ನೇ ಹಚ್ಚಿದರೆ ಸಾಮಾನ್ಯವಾಗಿ ಕೇಡಿಲ್ಲ. ಆದರೆ ಮೇಲೆ ಹಚ್ಚಿದ ಅರಿಶಿನದಿಂದ ಒಳಗಿನ ರಕ್ತ ಬೇಗ ಕರಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ, ಬಣ್ಣ ಮುಚ್ಚಿಹೋಗಿ ಪೆಟ್ಟು ಹರಡುತ್ತಿದೆಯೇ ಎಂಬುದು ವೈದ್ಯರಿಗೂ ಕಾಣುವುದಿಲ್ಲ. ಸುಣ್ಣದ ವಿಷಯ ಬೇರೆ. ಆರತಿ ನೀರಿಗೆ ಸುಣ್ಣ ಬಿದ್ದೊಡನೆ ಅರಿಶಿನ ಕೆಂಪಾಗುತ್ತದಲ್ಲ, ಅದು ಸುಣ್ಣದ ಕ್ಷಾರದ ಗುಣ. ಅದೇ ಕ್ಷಾರ ಗಂಟೆಗಟ್ಟಲೆ ಪಟ್ಟಿನ ಕೆಳಗಿದ್ದರೆ ಮಕ್ಕಳ ಎಳೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ಎಕ್ಕದ ಎಲೆಗೂ ನಾನು ಒಪ್ಪುವುದಿಲ್ಲ. ಅದರ ಹಾಲು ಚರ್ಮವನ್ನು ಕೆರಳಿಸುತ್ತದೆ. ಎಲೆ ಕಿತ್ತ ಕೈಯಲ್ಲೇ ಕಣ್ಣುಜ್ಜಿಕೊಂಡರೆ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪೊರೆ) ಊದಿ ದೃಷ್ಟಿ ಮಂಜಾಗುತ್ತದೆ.

ಸೈಕಲ್ ಎಂದಿದ್ದೀರಿ, ಅದಕ್ಕೇ ಒಂದು ಮಾತು. ಸ್ನಾನ ಮಾಡಿಸುವಾಗ ಅವನ ಹೊಟ್ಟೆಯನ್ನೊಮ್ಮೆ ನೋಡಿ. ಹ್ಯಾಂಡಲ್ಲಿನ ತುದಿ ಒತ್ತಿದ ದುಂಡನೆಯ ಗುರುತು ಪಕ್ಕೆಲುಬಿನ ಕೆಳಗೆ ಕಂಡರೆ, ಅದು ನಾಣ್ಯದಷ್ಟೇ ಚಿಕ್ಕದಿದ್ದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಹೊರಗೆ ಏನೂ ಅನ್ನಿಸದ ಈ ಪೆಟ್ಟು ಒಳಗೆ ಗುಲ್ಮ, ಮೇದೋಜ್ಜೀರಕ, ಕರುಳನ್ನು ಹರಿದಿರಬಹುದು. ವಾಂತಿ, ಹೊಟ್ಟೆನೋವು ಒಂದೆರಡು ದಿನ ತಡವಾಗಿಯೂ ಶುರುವಾಗಬಹುದು.

ಕಾಲಿನ ಮೇಲೆ ಭಾರ ಹಾಕಲು ಆಗದಿದ್ದರೆ ಎಕ್ಸ್‌ರೇ ಆಗುವ ತನಕ ನಾಟಿ ಕಟ್ಟು ಬೇಡ. ಮೀನಖಂಡ ಕಲ್ಲಿನಂತೆ ಬಿಗಿದು, ಕಾಲ್ಬೆರಳು ಎಳೆದರೆ ಮಗು ಚೀರುವಂತಾದರೆ ಅದು ತುರ್ತು, ರಾತ್ರಿಯಾದರೂ ಹೊರಡಿ. ಜ್ವರದ ಜೊತೆ ಮೈಮೇಲೆ ಕೆಂಪು ಚುಕ್ಕೆ, ಕಂದು ಕಲೆ ಕಂಡರೆ, ಅದರಲ್ಲೂ ಮಳೆಗಾಲದಲ್ಲಿ, ಡೆಂಗಿ ಇರಬಹುದು. ಅಂಬೆಗಾಲಿಡುವ ಗಂಡುಮಗುವಿಗೆ ಸಣ್ಣ ಪೆಟ್ಟಿಗೂ ದೊಡ್ಡ ಕಲೆ, ಕೀಲು ಊತ ಆಗುತ್ತಿದ್ದರೆ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಹುಟ್ಟುಕಾಯಿಲೆ) ಪರೀಕ್ಷೆ ಮಾಡಿಸಿ.

ಪ್ರಶ್ನೆ: ನಮ್ಮ ತಂದೆಯವರಿಗೆ 72. ಹೃದಯಕ್ಕೆ ಸ್ಟೆಂಟ್ ಹಾಕಿದೆ, ಕ್ಲೊಪಿಡೊಗ್ರೆಲ್ ಮತ್ತು ಆಸ್ಪಿರಿನ್ ತೆಗೆದುಕೊಳ್ಳುತ್ತಾರೆ. ಮುಂಗೈ ಮೇಲೆ ಪೆಟ್ಟಿಲ್ಲದೆಯೇ ಕಂದು ಕಲೆಗಳಾಗುತ್ತಿವೆ. ಮಾತ್ರೆ ನಿಲ್ಲಿಸಿ ಅರಿಶಿನದ ಹಾಲು ಕೊಡಬಹುದೇ?
– ಓದುಗರು, ಶಿರಸಿ

ಉತ್ತರ: ದಯವಿಟ್ಟು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಸ್ಟೆಂಟ್ ಕಟ್ಟಿಕೊಂಡರೆ ಪ್ರಾಣಕ್ಕೇ ಸಂಚಕಾರ. ಈ ವಯಸ್ಸಿಗೆ ಚರ್ಮ ತೆಳುವಾಗಿರುತ್ತದೆ, ಜೊತೆಗೆ ಈ ಮಾತ್ರೆಗಳು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ಬಾಗಿಲಿಗೆ ಸವರಿದರೂ ಕಲೆ ಏಳುತ್ತದೆ. ತುಂಬುತೋಳಿನ ಅಂಗಿ ಹಾಕಿಕೊಳ್ಳಲಿ. ಚಿಟಿಕೆ ಅರಿಶಿನದ ಹಾಲಿಗೆ ಅಡ್ಡಿಯಿಲ್ಲ, ಅರಿಶಿನದ ಸಾರವಾದ ಕರ್ಕ್ಯುಮಿನ್ ಕ್ಯಾಪ್ಸೂಲ್ ಬೇಡ. ಅದು ರಕ್ತಸ್ರಾವವನ್ನು ಇನ್ನೂ ಹೆಚ್ಚಿಸಬಹುದು. ವಸಡಿನಲ್ಲಿ ರಕ್ತ, ಕಪ್ಪು ಮಲ ಕಂಡರೆ ಅವತ್ತೇ ವೈದ್ಯರನ್ನು ಕಾಣಿ. ಅವರು ಬಿದ್ದು ತಲೆಗೆ ಪೆಟ್ಟಾದರೆ, ಬರಿಯ ಬುಗುಟು ಎಂದುಕೊಂಡು ಐಸ್ ಇಟ್ಟು ಮಲಗಿಸಬೇಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ಇಂಥವರಲ್ಲಿ ಮೆದುಳಿನ ಸುತ್ತ ರಕ್ತ ನಿಧಾನವಾಗಿ ಸೇರಿ, ಎರಡು ಮೂರು ವಾರದ ಮೇಲೆ ತಲೆನೋವು, ಮಂಪರು, ನಡಿಗೆಯಲ್ಲಿ ತೂರಾಟ ಕಾಣಿಸುವುದುಂಟು. ಆಗ ಹಿಂದೆ ಬಿದ್ದಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ.