ಬೊಜ್ಜಿನ ಆಪರೇಷನ್: ತಿನ್ನುವ ಆಸೆಯ ಹಿಂದುಮುಂದು

ಪ್ರಶ್ನೆ: ಜಠರವನ್ನು ಕಿರಿದು ಮಾಡುವ ಸ್ಲೀವ್ ಆಪರೇಷನ್‌ಗೆ ಇನ್ನು ಹತ್ತು ದಿನವಿದೆ. ಬರೀ ಪ್ರೋಟೀನ್ ಶೇಕ್, ತರಕಾರಿ ಸೂಪ್ ಕುಡಿಯಲು ಹೇಳಿದ್ದಾರೆ. ಅನ್ನದ ಘಮ ಬಂದರೂ ತಡೆಯಲಾಗುತ್ತಿಲ್ಲ. ‘ಆಮೇಲೆ ಹೇಗೂ ತಿನ್ನೋಕಾಗಲ್ಲ, ಈಗಲೇ ಒಂದು ಸಲ ಬಿರಿಯಾನಿ ತಿಂದುಬಿಡು’ ಎನ್ನುತ್ತಾರೆ ಮನೆಯವರು. ತಿಂದರೆ ಏನಾಗುತ್ತದೆ?
– ಓದುಗರು, ದಾವಣಗೆರೆ

ಉತ್ತರ: ಈ ಪಥ್ಯದ ಮುಖ್ಯ ಗುರಿ ನಿಮ್ಮ ತೂಕವಲ್ಲ, ನಿಮ್ಮ ಲಿವರ್. ಜಠರದ ಮೇಲ್ಭಾಗವನ್ನು ಲಿವರಿನ ಎಡಭಾಗ ಮುಚ್ಚಿಕೊಂಡಿರುತ್ತದೆ. ಸರ್ಜನ್ ಅದನ್ನು ಎತ್ತಿಹಿಡಿದೇ ಕೆಲಸ ಮಾಡಬೇಕು. ಕೊಬ್ಬು ತುಂಬಿದ ಲಿವರ್ ದಪ್ಪ, ಭಾರ. ಎತ್ತುವಾಗ ಗಾಯವಾಗಿ ರಕ್ತ ಬರುವ ಭಯವಿರುತ್ತದೆ. ಎರಡು ವಾರ ದಿನಕ್ಕೆ 800ರಿಂದ 1000 ಕ್ಯಾಲೊರಿಯಲ್ಲಿದ್ದರೆ ಲಿವರಿನೊಳಗಿನ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ), ಅದು ಹಿಡಿದಿಟ್ಟ ನೀರು, ಜೊತೆಗೆ ಒಂದಿಷ್ಟು ಕೊಬ್ಬು ಕರಗುತ್ತದೆ. ಒಂದು ರಾತ್ರಿಯ ಬಿರಿಯಾನಿ ಗ್ಲೈಕೋಜನ್ನನ್ನು ಮತ್ತೆ ತುಂಬಲು ಶುರುಮಾಡುತ್ತದೆ, ಅಡಗುತ್ತಿದ್ದ ಆಸೆಯನ್ನೂ ಎಬ್ಬಿಸುತ್ತದೆ.

ಸಾಮಾನ್ಯವಾಗಿ ಮೊದಲ ಮೂರು ನಾಲ್ಕು ದಿನವೇ ಕಷ್ಟ. ತಲೆನೋವು, ಸಿಡುಕು ಬರುವುದಕ್ಕೆ ಹಸಿವಿನಷ್ಟೇ ಕಾರಣ ನೀರು, ಉಪ್ಪು, ಕಾಫಿ ಏಕಾಏಕಿ ಕಡಿಮೆಯಾದದ್ದು. ಬಿ.ಪಿ. ಇಲ್ಲದವರು ಸೂಪಿಗೆ, ನೀರುಮಜ್ಜಿಗೆಗೆ ಉಪ್ಪು ಹಾಕಿಕೊಳ್ಳಬಹುದು. ಸೌತೆಕಾಯಿಯಂಥದ್ದು ಪಟ್ಟಿಯಲ್ಲಿದೆಯೇ ಕೇಳಿ. ಅಗಿಯಲು ಏನಾದರೂ ಸಿಕ್ಕರೆ ಅರ್ಧ ಚಪಲ ಇಳಿಯುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಪಥ್ಯ ಆರಂಭಿಸುವ ದಿನವೇ ಡೋಸ್ ಬದಲಿಸಬೇಕೇ ಎಂದು ವೈದ್ಯರನ್ನು ಕೇಳಲೇಬೇಕು. ಊಟ ಇಳಿದು ಡೋಸ್ ಹಾಗೇ ಉಳಿದರೆ ಶುಗರ್ ಕುಸಿಯಬಹುದು.

ಅಂದಹಾಗೆ, ಬಿರಿಯಾನಿ ಜನ್ಮದಲ್ಲಿ ಸಿಗದು ಎನ್ನುವುದು ಸುಳ್ಳು. ಕೆಲವು ತಿಂಗಳ ನಂತರ ಮೊದಲು ಮಾಂಸ, ಆಮೇಲೆ ಎರಡು ಚಮಚ ಅನ್ನ ಎಂಬ ಕ್ರಮದಲ್ಲಿ ಬಹಳ ಜನ ತಿನ್ನುತ್ತಾರೆ. ಈ ‘ಕೊನೆಯ ಊಟ’ದ ಮಾತೇ ಆಸೆಯನ್ನು ದೊಡ್ಡದು ಮಾಡುವುದು.

ಪ್ರಶ್ನೆ: ಸ್ಲೀವ್ ಆಗಿ ಐದು ವಾರ. ಹಸಿವೆಯೇ ಇಲ್ಲ, ಆದರೂ ಮುದ್ದೆ, ಬಸ್ಸಾರಿನದೇ ಧ್ಯಾನ. ಸಣ್ಣ ಸಣ್ಣ ತುತ್ತು ನುಂಗಬಹುದೇ?
– ಓದುಗರು, ಮಂಡ್ಯ

ಉತ್ತರ: ಬೇಡ. ಸ್ಲೀವ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ತೆಗೆಯುತ್ತಾರೆ. ಹಸಿವೆ ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದ ಆ ಭಾಗದಲ್ಲೇ. ಹೊಟ್ಟೆ ಸುಮ್ಮನಾದರೂ ನಾಲಿಗೆಗೆ ಹಳೆಯ ರೂಢಿ ಮರೆತಿರುವುದಿಲ್ಲ.

ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ಅಭ್ಯಾಸ. ಊತ ಪೂರ್ತಿ ಇಳಿಯದ, ಸಣ್ಣ ಕೊಳವೆಯಂತಾದ ಜಠರದಲ್ಲಿ ಆ ಅಂಟು ಉಂಡೆ ಸಿಕ್ಕಿಕೊಂಡರೆ ಎದೆ ಬಿಗಿತ, ಬಾಯಿ ತುಂಬ ನೊರೆ ಜೊಲ್ಲು, ಆಮೇಲೆ ವಾಂತಿ. ಮೆತ್ತನೆ ಬ್ರೆಡ್ಡು, ಬಿಸಿ ಅನ್ನ ಕೂಡ ಹೀಗೇ ಮಾಡುತ್ತವೆ. ನಿಮಗೆ ಬೇಕಾದದ್ದು ಬಸ್ಸಾರಿನ ರುಚಿ ತಾನೆ? ಖಾರ ಕಡಿಮೆ ಮಾಡಿ, ಬೇಯಿಸಿದ ಕಾಳನ್ನು ನುಣ್ಣಗೆ ಅರೆದು, ಅದೇ ಸಾರಿನಲ್ಲಿ ಕದಡಿ ನಾಲ್ಕೈದು ಚಮಚ ತಿನ್ನಿ. ಒಂದು ಚಮಚ, ಒಂದು ನಿಮಿಷ. ರಾಗಿಯನ್ನು ಮಜ್ಜಿಗೆಯ ಅಂಬಲಿಯಾಗಿ ತೆಗೆದುಕೊಳ್ಳಬಹುದು, ಆದರೆ ಪ್ರೋಟೀನ್ ಆದ ಮೇಲೆ.

ಎರಡು ದಿನಕ್ಕಿಂತ ಹೆಚ್ಚು ವಾಂತಿ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ವಾಂತಿ ಮುಂದುವರಿದರೆ ಬಿ1 ವಿಟಮಿನ್ ಬರಿದಾಗಿ ನರಗಳಿಗೆ ಪೆಟ್ಟು ಬೀಳುತ್ತದೆ. ಗ್ಲೂಕೋಸ್ ಬಾಟಲಿ ಏರಿಸುವ ಮೊದಲು ಬಿ1 ಕೊಡಬೇಕಾಗುತ್ತದೆ. ನಿಮಗೆ ಯಾವ ಆಪರೇಷನ್ ಆಗಿದೆ ಎಂದು ಅಲ್ಲಿ ಮೊದಲೇ ತಿಳಿಸಿ.

ಪ್ರಶ್ನೆ: ಬೊಜ್ಜಿಗೆ ಮಾಡುವ ಬೈಪಾಸ್ (ಹೃದಯದ್ದಲ್ಲ, ಜಠರದ್ದು) ಆಗಿ ಒಂದೂವರೆ ವರ್ಷ. ಊಟ ಬಹಳ ಕಡಿಮೆ, ಆದರೂ ತೂಕ ಇಳಿಯುವುದು ನಿಂತಿದೆ. ಚಹಾ ಜೊತೆ ಒಂದಿಷ್ಟು ಮಿಕ್ಸ್ಚರ್, ಬಿಸ್ಕತ್ತು ಅಷ್ಟೇ. ಹಬ್ಬದಲ್ಲಿ ಒಂದು ಹೋಳಿಗೆ ತಿಂದರೆ ಎದೆ ಬಡಿತ, ಬೆವರು. ಮಧ್ಯಾಹ್ನ ಮತ್ತೆ ಸಿಹಿಯೇ ಬೇಕೆನಿಸುತ್ತದೆ.
– ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಪ್ರಶ್ನೆಯಲ್ಲಿರುವ ‘ಅಷ್ಟೇ’ಯಲ್ಲೇ ಉತ್ತರವಿದೆ. ಮಿಕ್ಸ್ಚರ್, ಚಕ್ಕುಲಿ, ಬಿಸ್ಕತ್ತು ಚಹಾದೊಂದಿಗೆ ನೆನೆದು ಗಂಜಿಯಂತಾಗಿ ಸರಕ್ಕನೆ ಜಾರುತ್ತವೆ. ಮೊಟ್ಟೆ, ಪನೀರು, ಮಾಂಸದಂತೆ ಸಣ್ಣ ಜಠರದಲ್ಲಿ ಕೂತು ‘ಸಾಕು’ ಅನ್ನಿಸುವುದಿಲ್ಲ. ಒಂದು ಹಿಡಿ, ಅಂದರೆ 30 ಗ್ರಾಂ ಮಿಕ್ಸ್ಚರ್‌ಗೆ ಸುಮಾರು 150 ಕ್ಯಾಲೊರಿ. ಇಂಥ ನಾಲ್ಕು ಹಿಡಿ ದಿನವಿಡೀ ಬಾಯಾಡಿಸಿದರೆ ಇಡೀ ಒಂದು ಊಟಕ್ಕಿಂತ ಹೆಚ್ಚು.

ಹಸಿವೆಯೋ ಚಪಲವೋ ತಿಳಿಯಲು ಒಂದು ಪರೀಕ್ಷೆ: ಈಗ ಬೇಯಿಸಿದ ಮೊಟ್ಟೆ ಅಥವಾ ಒಂದು ಬಟ್ಟಲು ಉಸಲಿ ಕೊಟ್ಟರೆ ತಿನ್ನುತ್ತೀರಾ? ತಿನ್ನುವುದಾದರೆ ಹಸಿವೆ. ಖಾರವೇ, ಕುರುಕಲೇ ಬೇಕೆಂದರೆ ಚಪಲ. ಡಬ್ಬಿಯನ್ನು ಮನೆಗೇ ತರದಿರುವುದು ಸುಲಭ ಉಪಾಯ; ಅಟ್ಟದ ಮೇಲಿಟ್ಟರೆ ಪ್ರಯೋಜನವಿಲ್ಲ, ಏಣಿ ಎಲ್ಲಿದೆಯೆಂದು ನಿಮಗೆ ಗೊತ್ತಿರುತ್ತದೆ.

ತಿನ್ನುವುದು ದಿನಕ್ಕೆ ನಾಲ್ಕೈದೇ ಸಲ, ಕೂತು, ಇಪ್ಪತ್ತು ನಿಮಿಷ. ಊಟದ ಜೊತೆ ನೀರು, ಚಹಾ ಬೇಡ. ಮುಗಿದು ಅರ್ಧ ಗಂಟೆ ಬಿಟ್ಟು ಕುಡಿಯಿರಿ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು: ಒಂದು ಮೊಟ್ಟೆಯಲ್ಲಿ 6, 100 ಗ್ರಾಂ ಪನೀರಿನಲ್ಲಿ ಸುಮಾರು 18, ಒಣ ಸೋಯಾ ಚಂಕ್ಸ್ 30 ಗ್ರಾಂನಲ್ಲಿ 15, ಒಂದು ಲೋಟ ಹಾಲಿನಲ್ಲಿ 6 ಗ್ರಾಂ. ತಿಳಿಸಾರನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ.

ಹೋಳಿಗೆ ಮಾಡುತ್ತಿರುವುದು ಡಂಪಿಂಗ್. ಬೈಪಾಸ್‌ನಲ್ಲಿ ಆಹಾರ ಜಠರದ ತುದಿಯ ಕವಾಟ ದಾಟದೆ ನೇರ ಸಣ್ಣಕರುಳಿಗೆ ಬೀಳುತ್ತದೆ. ಸಿಹಿಯಾದರೆ ಕರುಳು ನೀರೆಳೆದುಕೊಂಡು ಅರ್ಧ ಗಂಟೆಯೊಳಗೆ ಎದೆಬಡಿತ, ಹೊಟ್ಟೆನುಲಿತ, ಭೇದಿ. ಬೆಲ್ಲವಾದರೂ ಸಕ್ಕರೆಯಾದರೂ ಕರುಳಿಗೆ ಒಂದೇ. ಒಂದರಿಂದ ಮೂರು ಗಂಟೆಯ ನಂತರ ಬರುವ ನಡುಕ, ಬೆವರಿನ ಕಾರಣ ಬೇರೆ: ಸಕ್ಕರೆ ಒಮ್ಮೆಲೇ ಏರಿದ್ದಕ್ಕೆ ಇನ್ಸುಲಿನ್ ಅತಿಯಾಗಿ ಸುರಿದು ಶುಗರ್ ಇಳಿದಿರುತ್ತದೆ. ಆಗ ಸಿಹಿ ಬೇಕೆನಿಸುವುದು ಸಹಜ, ತಿಂದರೆ ಅದೇ ಸುತ್ತು ಮತ್ತೆ. ಗ್ಲುಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಗ್ಲೂಕೋಸ್, 15 ನಿಮಿಷದ ಮೇಲೆ ಮತ್ತೆ ಪರೀಕ್ಷೆ, ಸರಿಹೋದ ಮೇಲೆ ಪ್ರೋಟೀನ್ ಇರುವ ತಿಂಡಿ. ಪದೇ ಪದೇ ಹೀಗಾದರೆ ಅಥವಾ ಪ್ರಜ್ಞೆ ತಪ್ಪಿದರೆ ವೈದ್ಯರಿಗೆ ತೋರಿಸಲೇಬೇಕು.

ಪ್ರಶ್ನೆ: ಸಿಹಿ ಬಿಟ್ಟಿದ್ದೇನೆ. ಅದರ ಬದಲು ವಾರಕ್ಕೊಮ್ಮೆ ಬಿಯರ್ ಪರವಾಗಿಲ್ಲವೇ?
– ಓದುಗರು, ಬೆಂಗಳೂರು

ಉತ್ತರ: ಆಪರೇಷನ್ ನಂತರ ಮದ್ಯ ಬೇಗ ರಕ್ತಕ್ಕೇರುತ್ತದೆ, ಹೆಚ್ಚು ಏರುತ್ತದೆ. ತಿನ್ನುವ ಗೀಳು ಕುಡಿಯುವ ಗೀಳಾಗಿ ತಿರುಗುವುದೂ ಉಂಟು. ಬೇಡ.

ಪ್ರಶ್ನೆ: ಅಕ್ಕನಿಗೆ ಬೈಪಾಸ್ ಆಗಿ ಎರಡು ವರ್ಷ. ಈಗ ಫ್ರಿಜ್ಜಿನ ಐಸ್ ಕಡಿಯುತ್ತಾಳೆ, ಹಸಿ ಅಕ್ಕಿ, ಬಳಪ ತಿನ್ನುತ್ತಾಳೆ. ಬೈದರೂ ಬಿಡುತ್ತಿಲ್ಲ.
– ಓದುಗರು, ಶಿವಮೊಗ್ಗ

ಉತ್ತರ: ಬೈಯಬೇಡಿ, ರಕ್ತಪರೀಕ್ಷೆ ಮಾಡಿಸಿ. ಕಬ್ಬಿಣದಂಶ ಕಡಿಮೆಯಾದವರಿಗೆ ಇಂಥ ಆಸೆ ಹುಟ್ಟುತ್ತದೆ. ಕಬ್ಬಿಣವನ್ನು ಹೆಚ್ಚಾಗಿ ಹೀರಿಕೊಳ್ಳುವ ಕರುಳಿನ ಮೊದಲ ಭಾಗವನ್ನೇ ಬೈಪಾಸ್ ಬಿಟ್ಟು ಸಾಗುತ್ತದೆ. ಮುಟ್ಟಿನ ರಕ್ತಸ್ರಾವ ಹೆಚ್ಚಿದ್ದರೆ ಕೊರತೆ ಇನ್ನೂ ಬೇಗ. ಹಿಮೋಗ್ಲೋಬಿನ್ ಒಂದೇ ಸಾಲದು, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆಯೆಂದು ತೋರಿಸುವ ಫೆರಿಟಿನ್ ಕೂಡ ನೋಡಬೇಕು. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ಎರಡು ಗಂಟೆ ಅಂತರವಿರಲಿ. ಕಬ್ಬಿಣದ ಮಾತ್ರೆಯ ಹಿಂದುಮುಂದು ಕಾಫಿ, ಚಹಾ ಬೇಡ. ಮಾತ್ರೆ ಮೈಗೆ ಹತ್ತದಿದ್ದರೆ ರಕ್ತನಾಳಕ್ಕೆ ಕೊಡುವ ಕಬ್ಬಿಣವಿದೆ. ಕೊರತೆ ತುಂಬುತ್ತಿದ್ದಂತೆ, ಹಿಮೋಗ್ಲೋಬಿನ್ ಪೂರ್ತಿ ಏರುವ ಮೊದಲೇ ಐಸಿನ ಆಸೆ ಇಳಿಯುವುದುಂಟು. ಅಲ್ಲಿಯವರೆಗೆ ಐಸಿಗಿಂತ ಬಳಪವನ್ನು ಮೊದಲು ದೂರವಿಡಿ. ಐಸಿನಿಂದ ಹಲ್ಲಿಗಷ್ಟೇ ತೊಂದರೆ, ಬಳಪ, ಮಣ್ಣು ಹೊಟ್ಟೆ ಕಟ್ಟಿಸುತ್ತವೆ.