ಬಹುಮತವಿಲ್ಲದ ಸದಸ್ಯ ಸದನದಲ್ಲಿ ಮಾತನಾಡಿ ಏನು ಪ್ರಯೋಜನ?

ಮತಕ್ಕೆ ಹಾಕಿದಾಗ ಬಹುಮತ ಇರುವವರೇ ಗೆಲ್ಲುತ್ತಾರೆ ಎಂದಮೇಲೆ ರಾಷ್ಟ್ರೀಯ ವಿಷಯಗಳ ಚರ್ಚೆಯಲ್ಲಿ ಒಬ್ಬ ಸದಸ್ಯ ಗಂಟೆಗಟ್ಟಲೆ ಮಾತನಾಡುವುದರಿಂದ ಆಗುವುದೇನು, ಅಂಥವರ ಕೊಡುಗೆಯನ್ನು ಅಳೆಯುವುದು ಹೇಗೆ ಎಂದು ತಾವು ಕೇಳಿದ್ದೀರಿ. ಸಂವಿಧಾನ ರಚನಾ ಸಭೆಯ ಮತ್ತು ಲೋಕಸಭೆಯ ನಡಾವಳಿಗಳನ್ನು ಬಹುಕಾಲದಿಂದ ಆಸಕ್ತಿಯಿಂದ ಓದಿಕೊಂಡು ಬಂದವನಾಗಿ, ಹರಿ ವಿಷ್ಣು ಕಾಮತ್ ಅವರೊಬ್ಬರನ್ನೇ ಇಟ್ಟುಕೊಂಡು ಉತ್ತರಿಸುತ್ತೇನೆ. ಕರ್ನಾಟಕದಲ್ಲಿ ಅವರ ಹೆಸರು ಇಷ್ಟು ಕಡಿಮೆ ಕೇಳಿಬರುವುದು ನನಗೆ ಬೇಸರದ ಸಂಗತಿ.

ಕಾಮತ್ ಹುಟ್ಟಿದ್ದು 1907ರಲ್ಲಿ, ಮಂಗಳೂರಿನಲ್ಲಿ. ಬ್ರಿಟಿಷ್ ಕಾಲದ ಉನ್ನತ ಆಡಳಿತ ಸೇವೆಯಾದ ಐಸಿಎಸ್‌ನಲ್ಲಿ ಅಧಿಕಾರಿಯಾಗಿದ್ದವರು 1938ರಲ್ಲಿ ಆ ಹುದ್ದೆಗೆ ರಾಜೀನಾಮೆ ಕೊಟ್ಟು ಸುಭಾಷ್ ಚಂದ್ರ ಬೋಸರ ಜೊತೆ ರಾಜಕೀಯಕ್ಕೆ ಬಂದರು. ಮಧ್ಯಪ್ರಾಂತ ಮತ್ತು ಬೇರಾರ್‌ನಿಂದ ಸಂವಿಧಾನ ರಚನಾ ಸಭೆಗೆ ಹೋದರು, ಮುಂದೆ ಮಧ್ಯಪ್ರದೇಶದ ಹೋಶಂಗಾಬಾದ್‌ನಿಂದ ಲೋಕಸಭೆಗೆ ಆಯ್ಕೆಯಾದರು.

1949ರ ಆಗಸ್ಟ್ ಮೊದಲ ವಾರ ಸಂವಿಧಾನ ರಚನಾ ಸಭೆ ತುರ್ತು ಪರಿಸ್ಥಿತಿಯ ವಿಧಿಗಳನ್ನು ಚರ್ಚೆಗೆ ಎತ್ತಿಕೊಂಡಿತು. ದೇಶವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ಕಾಲವದು. ಕೇಂದ್ರ ಸರ್ಕಾರಕ್ಕೆ ಬಲವಾದ ಅಧಿಕಾರ ಬೇಕೆಂಬ ವಿಷಯದಲ್ಲಿ ಸಭೆಯ ಬಹುಪಾಲು ಸದಸ್ಯರಿಗೆ ಅನುಮಾನವೇ ಇರಲಿಲ್ಲ. ಅಂಥ ಹೊತ್ತಿನಲ್ಲಿ ಕಾಮತ್ ಎದ್ದುನಿಂತು, ಪ್ರಜಾಪ್ರಭುತ್ವ ದೇಶಗಳ ಸಂವಿಧಾನಗಳನ್ನೆಲ್ಲ ಜಾಲಾಡಿದರೂ ಇಂಥ ಅಧ್ಯಾಯ ಎಲ್ಲಿಯೂ ಸಿಗಲಿಲ್ಲ, ಇದಕ್ಕೆ ಹತ್ತಿರವಾದದ್ದು ಸಿಕ್ಕಿದ್ದು ಹಿಟ್ಲರ್‌ಗೆ ಮೊದಲು ಜರ್ಮನಿಯಲ್ಲಿದ್ದ ವೈಮಾರ್ ಸಂವಿಧಾನದಲ್ಲಿ ಮಾತ್ರ, ಅಲ್ಲಿನ ಅಂಥದೇ ವಿಧಿಯನ್ನು ಬಳಸಿಕೊಂಡೇ ಹಿಟ್ಲರ್ ಆ ಸಂವಿಧಾನವನ್ನು ನಾಶಮಾಡಿದ ಎಂಬ ಅರ್ಥದಲ್ಲಿ ಮಾತನಾಡಿದರು. ರಾಜ್ಯಗಳಲ್ಲಿ ರಾಷ್ಟ್ರಪತಿ ಆಳ್ವಿಕೆಗೆ ಅವಕಾಶ ಕೊಡುವ, ಇಂದು ನಾವು 356 ಎಂದು ಕರೆಯುವ ವಿಧಿಯನ್ನೂ ವಿರೋಧಿಸಿದರು. ಹೃದಯನಾಥ ಕುಂಜ್ರೂ ಮುಂತಾದ ಕೆಲವು ಸದಸ್ಯರು ಜೊತೆಗಿದ್ದರು. ವಿಧಿಗಳು ಅಂಗೀಕಾರವಾದವು. ಮತದ ಲೆಕ್ಕದಲ್ಲಿ ನೋಡಿದರೆ ಕಾಮತ್ ಸೋತರು, ವಿಷಯ ಮುಗಿಯಿತು.

ಆದರೆ ನಡಾವಳಿಯ ಮುಂದಿನ ಪುಟಗಳನ್ನು ಓದಬೇಕು. ಈ ಟೀಕೆಗಳಿಗೆ ಆಗಸ್ಟ್ 4ರಂದು ಉತ್ತರ ಕೊಟ್ಟ, ಕರಡು ಸಮಿತಿಯ ಅಧ್ಯಕ್ಷ ಅಂಬೇಡ್ಕರ್, ದುರುಪಯೋಗದ ಸಾಧ್ಯತೆ ಇರುವುದನ್ನು ಅಲ್ಲಗಳೆಯಲಿಲ್ಲ. ಇಂಥ ವಿಧಿಗಳು ಬಳಕೆಗೇ ಬಾರದೆ ಕಾಗದದ ಮೇಲೆಯೇ ಉಳಿಯಲಿ ಎಂದು ಆಶಿಸಿದರು. ಬಳಸಲೇಬೇಕಾಗಿ ಬಂದರೆ ರಾಷ್ಟ್ರಪತಿಯವರು ಮೊದಲು ಆ ರಾಜ್ಯಕ್ಕೆ ಎಚ್ಚರಿಕೆ ಕೊಡಲಿ, ಅದು ಫಲಿಸದಿದ್ದರೆ ಚುನಾವಣೆ ನಡೆಸಿ ಜನರೇ ತೀರ್ಮಾನಿಸುವಂತೆ ಮಾಡಲಿ, ಇವೆರಡೂ ವಿಫಲವಾದಾಗಷ್ಟೇ ಈ ವಿಧಿಯ ಮೊರೆ ಹೋಗಲಿ ಎಂದರು. ಸಂವಿಧಾನದ ಪಠ್ಯದಲ್ಲಿ ಎಲ್ಲಿಯೂ ಇಲ್ಲದ ಈ ವಿವರಣೆ ನಮಗೆ ಸಿಕ್ಕಿದ್ದು, ಸೋಲುತ್ತೇವೆಂದು ಗೊತ್ತಿದ್ದೂ ಕೆಲವರು ಪಟ್ಟು ಹಿಡಿದು ಕೇಳಿದ್ದರಿಂದ.

ಅದರ ಫಲ ಕಂಡದ್ದು ನಮ್ಮ ರಾಜ್ಯದ ಪ್ರಕರಣವೊಂದರಲ್ಲಿಯೇ. 1989ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿ ಅವರ ಸರ್ಕಾರವನ್ನು, ಸದನದಲ್ಲಿ ಬಹುಮತ ಸಾಬೀತುಪಡಿಸಲು ಅವಕಾಶವನ್ನೂ ಕೊಡದೆ, 356ನೇ ವಿಧಿಯಡಿ ವಜಾ ಮಾಡಲಾಯಿತು. ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ಕೊಟ್ಟ ತೀರ್ಪಿನಲ್ಲಿ ಅಂಬೇಡ್ಕರ್ ಅವರ ಆ ಮಾತುಗಳು ಉಲ್ಲೇಖಗೊಂಡಿವೆ. ಬಹುಮತದ ಪರೀಕ್ಷೆ ರಾಜಭವನದಲ್ಲಿ ನಡೆಯುವಂಥದಲ್ಲ, ಸದನದಲ್ಲಿಯೇ ನಡೆಯಬೇಕು ಎಂಬ ತತ್ವ ಗಟ್ಟಿಯಾದದ್ದು ಆ ತೀರ್ಪಿನಿಂದ. ಅಂಬೇಡ್ಕರ್ ಈಗ ಇಲ್ಲ, ಆ ವಿಧಿಗಳು ಮಾತ್ರ ಚೆನ್ನಾಗಿ ಬದುಕಿವೆ ಎಂದು ಕಾಮತ್ ನಂತರ ಹೇಳಿದ ಮಾತನ್ನೂ ಈ ವಿಷಯ ಬಂದಾಗಲೆಲ್ಲ ಕಾನೂನು ಬಲ್ಲವರು ನೆನೆಯುತ್ತಾರೆ.

ಮತ್ತೆ ಸಂವಿಧಾನ ರಚನಾ ಸಭೆಗೆ ಬರೋಣ. 1949ರ ಅದೇ ಆಗಸ್ಟ್ 20ರಂದು ಇನ್ನೂ ಗಂಭೀರವಾದ ಚರ್ಚೆ ನಡೆಯಿತು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಮೂಲಭೂತ ಹಕ್ಕುಗಳಿಗಾಗಿ ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನೇ ರಾಷ್ಟ್ರಪತಿಯ ಆದೇಶದಿಂದ ಅಮಾನತಿನಲ್ಲಿಡುವ, ಈಗಿನ 359ನೇ ವಿಧಿಯ ಚರ್ಚೆ. ಇದು ನಾಚಿಕೆಯ, ದುಃಖದ ದಿನ, ಭಾರತದ ಜನರನ್ನು ದೇವರೇ ಕಾಪಾಡಬೇಕು ಎಂದು ಕಾಮತ್ ನೊಂದು ನುಡಿದರು. ಅಂದು ಅದು ಅತಿಯಾದ ಆತಂಕ ಎಂದು ಅನೇಕರಿಗೆ ಅನಿಸಿರಬಹುದು. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ಬಳಕೆಗೆ ಬಂದದ್ದು ಇದೇ ವಿಧಿ. ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು, ಅಂದರೆ ಬಂಧನದ ಕಾನೂನುಬದ್ಧತೆಯನ್ನು ಪ್ರಶ್ನಿಸುವ ಅರ್ಜಿಗಳನ್ನು, ವಿಚಾರಣೆಗೆ ಅರ್ಹ ಎಂದು ನಮ್ಮ ಹೈಕೋರ್ಟ್ ಎತ್ತಿಹಿಡಿದರೂ, 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್, ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರೊಬ್ಬರ ಭಿನ್ನಮತದೊಂದಿಗೆ, ಬಂಧಿತರಿಗೆ ನ್ಯಾಯಾಲಯದ ಬಾಗಿಲು ಮುಚ್ಚಿತು. 1978ರ 44ನೇ ತಿದ್ದುಪಡಿಯು 20 ಮತ್ತು 21ನೇ ವಿಧಿಗಳ ಹಕ್ಕುಗಳನ್ನು (ಅಪರಾಧ ಪ್ರಕರಣಗಳಲ್ಲಿನ ರಕ್ಷಣೆ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ) ಯಾವ ಕಾಲದಲ್ಲೂ ಹೀಗೆ ಅಮಾನತಿನಲ್ಲಿಡಲಾಗದಂತೆ ಮಾಡಿತು. ಘೋಷಣೆಯ ಕಾರಣಗಳಲ್ಲಿದ್ದ ಆಂತರಿಕ ಕ್ಷೋಭೆಯನ್ನು ತೆಗೆದು ಸಶಸ್ತ್ರ ಬಂಡಾಯ ಎಂದು ಬಿಗಿಗೊಳಿಸಿತು. ಆ ತಿದ್ದುಪಡಿಯನ್ನು ಅಂಗೀಕರಿಸಿದ ಆರನೇ ಲೋಕಸಭೆಯಲ್ಲಿ ಕಾಮತ್ ಸದಸ್ಯರಾಗಿದ್ದರು. ಸುಮಾರು ಮೂರು ದಶಕಗಳ ಹಿಂದೆ ತಾವು ಭಯಪಟ್ಟದ್ದನ್ನು ಭಾಗಶಃ ಸರಿಪಡಿಸಿದ ಸದನದಲ್ಲಿ ಅವರೂ ಕುಳಿತಿದ್ದರು ಎಂಬುದನ್ನು ನೆನೆದಾಗ ನನಗೆ ನಿಜಕ್ಕೂ ಸಮಾಧಾನವಾಗುತ್ತದೆ.

ಅವರು ಹೇಳಿದ್ದೆಲ್ಲವೂ ಸರಿ ಎಂದು ನಾನು ವಾದಿಸುವುದಿಲ್ಲ. ಸಂವಿಧಾನದ ಪ್ರಸ್ತಾವನೆಯು ದೇವರ ಹೆಸರಿನಿಂದ ಆರಂಭವಾಗಬೇಕೆಂದು ಅವರು 1949ರ ಅಕ್ಟೋಬರ್ 17ರಂದು ತಂದ ತಿದ್ದುಪಡಿಯನ್ನು ನಾನು ಒಪ್ಪಲಾರೆ. ನಂಬಿಕೆಯ ಸ್ವಾತಂತ್ರ್ಯವನ್ನು ಕೊಡುವ ಪ್ರಸ್ತಾವನೆಯಲ್ಲಿಯೇ ನಂಬಿಕೆಯನ್ನು ಹೇರುವುದು ಸರಿಯೇ ಎಂಬ ಕುಂಜ್ರೂ ಅವರ ಆಕ್ಷೇಪವೇ ನ್ಯಾಯವಾದದ್ದು. ಮತಕ್ಕೆ ಹಾಕುವುದು ಬೇಡವೆಂದು ಅಧ್ಯಕ್ಷ ರಾಜೇಂದ್ರ ಪ್ರಸಾದರು ಕೇಳಿಕೊಂಡರೂ ಕಾಮತ್ ಬಿಡಲಿಲ್ಲ. ತಿದ್ದುಪಡಿ 41ಕ್ಕೆ 68 ಮತಗಳಿಂದ ಬಿದ್ದುಹೋಯಿತು. ಅವರ ಹಟದಿಂದಾಗಿಯೇ ಈ ವಿಷಯದಲ್ಲಿ ಸಭೆಯ ನಿಲುವೇನೆಂಬುದು ಅಂಕಿಸಂಖ್ಯೆಯ ಸಮೇತ ದಾಖಲೆಯಲ್ಲಿ ಉಳಿದಿದೆ. ಆ ದಿನದ ವಾದಗಳನ್ನು ಓದದೆ ಈಗ ಪ್ರಸ್ತಾವನೆಯ ಬಗ್ಗೆ ಚರ್ಚೆಗಿಳಿಯುವವರಿಗೆ ಅದನ್ನೊಮ್ಮೆ ಓದಿ ಎಂದು ನಾನು ಹೇಳುವುದುಂಟು.

1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ಸಭೆಯ ಕೆಲವು ಬಂಡಾಯಗಾರರ ಹೆಸರುಗಳನ್ನು ಹೇಳಿ ಕೃತಜ್ಞತೆ ಸಲ್ಲಿಸಿದರು. ಮೊದಲ ಹೆಸರೇ ಕಾಮತ್ ಅವರದು. ಈ ಬಂಡಾಯಗಾರರ ಸಲಹೆಗಳನ್ನು ತಾವು ಒಪ್ಪದಿದ್ದ ಮಾತ್ರಕ್ಕೆ ಅವುಗಳ ಬೆಲೆ ಕಡಿಮೆಯಾಗುವುದಿಲ್ಲ, ಅವರಿಲ್ಲದಿದ್ದರೆ ಸಂವಿಧಾನದ ಹಿಂದಿರುವ ತತ್ವಗಳನ್ನು ವಿವರಿಸುವ ಅವಕಾಶವೇ ತಮಗೆ ಸಿಗುತ್ತಿರಲಿಲ್ಲ ಎಂದರು. ತಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಈಗ ಪಕ್ಷಾಂತರ ನಿಷೇಧ ಕಾನೂನು ಇದೆಯಲ್ಲ ಎಂದು ತಾವು ಕೇಳಬಹುದು. 1985ರಿಂದ ಜಾರಿಯಲ್ಲಿರುವ ಆ ಕಾನೂನಿನಂತೆ ಹೀಗೆಯೇ ಮತ ಹಾಕಬೇಕೆಂಬ ಪಕ್ಷದ ಆದೇಶವನ್ನು, ಅಂದರೆ ವಿಪ್ ಅನ್ನು, ಮೀರಿ ಮತ ಹಾಕಿದರೆ, ಇಲ್ಲವೇ ಮತದಾನದಿಂದ ದೂರ ಉಳಿದರೆ ಸದಸ್ಯತ್ವ ಹೋಗಬಹುದು. ಆದರೆ ಮಸೂದೆಯಲ್ಲಿರುವ ಲೋಪವನ್ನು ಎತ್ತಿ ತೋರಿಸಿ ಮಾತನಾಡುವುದಕ್ಕೆ ವಿಪ್ ಅಡ್ಡಬರುವುದಿಲ್ಲ, ಸದನದಲ್ಲಿ ಆಡಿದ ಮಾತಿಗೆ ನ್ಯಾಯಾಲಯದ ಕ್ರಮ ತಗಲದಂತೆ 105ನೇ ವಿಧಿಯ ರಕ್ಷಣೆಯೂ ಇದೆ. ಆದ್ದರಿಂದ ತಮ್ಮ ಕ್ಷೇತ್ರದ ಸಂಸದರನ್ನು ಹಾಜರಾತಿ ಮತ್ತು ಪ್ರಶ್ನೆಗಳ ಸಂಖ್ಯೆಯಿಂದಷ್ಟೇ ಅಳೆಯಬೇಡಿ. ಲೋಕಸಭೆಯ ಜಾಲತಾಣದಲ್ಲಿ ಅವರು ಭಾಗವಹಿಸಿದ ಒಂದು ಚರ್ಚೆಯನ್ನು ತೆರೆದು, ಮಸೂದೆಯ ಯಾವ ಕಲಮಿನ ಬಗ್ಗೆ ಅವರು ಮಾತನಾಡಿದ್ದಾರೆ ಎಂದು ಮೊದಲು ನೋಡಿ. ಆಮೇಲೆ ಕೊನೆಯ ಪುಟಗಳಿಗೆ ಹೋಗಿ, ಸಚಿವರು ಉತ್ತರ ಕೊಡುವಾಗ ಆ ಮಾತಿಗೆ ಏನಾದರೂ ವಿವರಣೆ ಕೊಡಬೇಕಾಗಿ ಬಂತೇ ಎಂದು ಹುಡುಕಿ.