ಓದುಗರ ಪ್ರಶ್ನೆ: ಬೇಸ್‌ಬಾಲ್‌ನ ಮೊದಲ ನಾಕೌಟ್ ಸುತ್ತು

ಪ್ರಶ್ನೆ: ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 2025ರ ಋತುವಿನಲ್ಲಿ ಟೊರಾಂಟೊ ಬ್ಲೂ ಜೇಸ್, ನ್ಯೂಯಾರ್ಕ್ ಯಾಂಕೀಸ್ ಎರಡೂ 94 ಪಂದ್ಯ ಗೆದ್ದಿದ್ದವು. ಆದರೂ ‘ವೈಲ್ಡ್ ಕಾರ್ಡ್’ ಎಂಬ ಮೊದಲ ನಾಕೌಟ್ ಸುತ್ತು ಆಡಬೇಕಾಗಿ ಬಂದದ್ದು ಯಾಂಕೀಸ್‌ಗೆ ಮಾತ್ರ. ನೆಟ್ ರನ್‌ರೇಟ್ ನೋಡಿದರೇ?

ಉತ್ತರ: ರನ್‌ರೇಟ್ ಅಲ್ಲಿ ಲೆಕ್ಕಕ್ಕಿಲ್ಲ. ಗೆಲುವು ಸಮವಾದರೆ ಆ ಎರಡು ತಂಡಗಳು ಅದೇ ಋತುವಿನಲ್ಲಿ ಪರಸ್ಪರ ಆಡಿದ ಪಂದ್ಯಗಳನ್ನು ಮೊದಲು ನೋಡುತ್ತಾರೆ. 13 ಮುಖಾಮುಖಿಗಳಲ್ಲಿ ಟೊರಾಂಟೊ 8 ಗೆದ್ದಿತ್ತು, ಹಾಗಾಗಿ ಎರಡೂ ಇದ್ದ ಡಿವಿಷನ್ (ಲೀಗ್‌ನೊಳಗಿನ ಗುಂಪು) ಅದರ ಪಾಲಾಯಿತು. ಹಿಂದೆ ಇಂಥ ಕಗ್ಗಂಟು ಬಿಡಿಸಲು ಲೀಗ್ ಹಂತದ 162 ಪಂದ್ಯಗಳ ಮೇಲೆ 163ನೆಯ ಪಂದ್ಯ ಆಡಿಸುತ್ತಿದ್ದರು, 2022ರಿಂದ ಅದನ್ನು ಕೈಬಿಟ್ಟರು.

ಅಮೆರಿಕನ್, ನ್ಯಾಷನಲ್ ಎಂಬ ಎರಡು ಲೀಗ್‌ಗಳಿಂದ ತಲಾ 6 ತಂಡಗಳು ಮುಂದೆ ಹೋಗುತ್ತವೆ. ಪ್ರತಿ ಲೀಗ್‌ನ ಮೂರು ಡಿವಿಷನ್‌ಗಳ ವಿಜೇತರಿಗೆ 1ರಿಂದ 3ನೇ ಸ್ಥಾನ, ಉಳಿದವರಲ್ಲಿ ಹೆಚ್ಚು ಗೆದ್ದ ಮೂವರಿಗೆ 4ರಿಂದ 6. ಇದರಿಂದ ವಿಚಿತ್ರವೂ ಆಗುತ್ತದೆ: ಅದೇ ವರ್ಷ 88 ಗೆಲುವಿನ ಕ್ಲೀವ್‌ಲ್ಯಾಂಡ್ ಡಿವಿಷನ್ ಗೆದ್ದದ್ದಕ್ಕೆ 3ನೇ ಸ್ಥಾನದಲ್ಲಿತ್ತು, 94 ಗೆದ್ದ ಯಾಂಕೀಸ್ 4ರಲ್ಲಿ. ಮೊದಲ ಇಬ್ಬರಿಗೆ ಈ ಸುತ್ತಿನಿಂದ ವಿನಾಯಿತಿ. 3ನೆಯವರು 6ನೆಯವರೊಂದಿಗೆ, 4ನೆಯವರು 5ನೆಯವರೊಂದಿಗೆ ಮೂರು ಪಂದ್ಯಗಳ ಸರಣಿ ಆಡುತ್ತಾರೆ, ಮೊದಲು ಎರಡು ಗೆದ್ದವರು ಮುಂದೆ. ಐಪಿಎಲ್‌ನಲ್ಲಿ ಮೊದಲಿಬ್ಬರಿಗೆ ಸಿಗುವುದು ಸೋತರೆ ಇನ್ನೊಂದು ಅವಕಾಶ, ಇಲ್ಲಿ ಸಿಗುವುದು ಬರೀ ವಿಶ್ರಾಂತಿ.

ಪ್ರಶ್ನೆ: ಮೂರೂ ಪಂದ್ಯ ಮೇಲಿನ ಸ್ಥಾನದವರ ಮೈದಾನದಲ್ಲೇ ಅಂತೆ. ಹಾಗಾದರೆ ಅವರೇ ಗೆಲ್ಲಬೇಕಲ್ಲವೇ?

ಉತ್ತರ: ಗೆಲ್ಲಬೇಕು, ಆದರೆ ಯಾವಾಗಲೂ ಗೆಲ್ಲುವುದಿಲ್ಲ! 2022ರಿಂದ 2024ರವರೆಗೆ ನಡೆದ 12 ಸರಣಿಗಳಲ್ಲಿ 8ನ್ನು ಹೊರಗಿನಿಂದ ಬಂದ ತಂಡಗಳೇ ಗೆದ್ದವು. ಮೈದಾನಕ್ಕಿಂತ ಮುಖ್ಯವಾಗಿದ್ದು ಮೊದಲ ಪಂದ್ಯ. ಅದನ್ನು ಗೆದ್ದವರು ಆ 12ರಲ್ಲೂ ಮುಂದೆ ಹೋದರು. 2025ರಲ್ಲಿ ಯಾಂಕೀಸ್ ಮೊದಲ ಪಂದ್ಯವನ್ನು ಬಾಸ್ಟನ್ ರೆಡ್ ಸಾಕ್ಸ್‌ಗೆ 3-1ರಿಂದ ಸೋತು, 4-3, 4-0ರಿಂದ ತಿರುಗಿ ಗೆದ್ದಾಗ ಆ ಸಾಲು ತುಂಡಾಯಿತು.

ನಿಜವಾದ ಆಟ ಇರುವುದು ಪಿಚರ್‌ಗಳ (ಚೆಂಡು ಎಸೆಯುವವರ) ಸರದಿಯಲ್ಲಿ. ಪಂದ್ಯ ಶುರು ಮಾಡುವ ಪಿಚರ್‌ಗೆ ಸಾಮಾನ್ಯವಾಗಿ ನಡುವೆ ನಾಲ್ಕು ದಿನ ಬಿಡುವು ಬೇಕು. ಈ ಸುತ್ತಿನಲ್ಲಿ ಪಂದ್ಯಗಳು ಮೂರು ದಿನ ಸತತ. ಆದ್ದರಿಂದ ಎರಡು ಪಂದ್ಯಗಳಲ್ಲಿ ಮುಗಿಸಿದ ತಂಡಕ್ಕೆ ಮೂರನೆಯ ಪಿಚರ್ ಉಳಿಯುತ್ತಾನೆ. 2025ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಸಿನ್ಸಿನಾಟಿ ಮೇಲೆ ಸ್ನೆಲ್, ಯಮಾಮೊಟೊ ಇಬ್ಬರಿಂದಲೇ ಪಂದ್ಯ ಶುರು ಮಾಡಿಸಿ ಸರಣಿ ಮುಗಿಸಿ, ಮುಂದಿನ ಸುತ್ತಿನ ಮೊದಲ ದಿನವೇ ಇನ್ನೊಬ್ಬ ಪಿಚರ್ ಒಹ್ತಾನಿಯನ್ನು ಇಳಿಸಿತು. ಮೂರನೆಯ ಪಂದ್ಯಕ್ಕೆ ಹೋದವರಿಗೆ ಈ ಸುಖವಿಲ್ಲ. ಲೀಗ್ ಹಂತದ ಕೊನೆಯ ದಿನದವರೆಗೂ ಸ್ಥಾನಕ್ಕಾಗಿ ಒದ್ದಾಡಿ ಮುಖ್ಯ ಪಿಚರ್‌ನನ್ನು ಭಾನುವಾರವೇ ಸುಟ್ಟುಕೊಂಡ ತಂಡದ ಪಾಡು ಇನ್ನೂ ಕಷ್ಟ: ಮಂಗಳವಾರ, ಬುಧವಾರ, ಗುರುವಾರ ಮೂರು ದಿನವೂ ಅವನು ಶುರು ಮಾಡಲು ಸಿದ್ಧನಿರುವುದಿಲ್ಲ.

ಮೂರನೆಯ ಪಿಚರ್ ಹೊಸಬನಾದರೂ ಚಿಂತಿಸಬೇಕಿಲ್ಲ ಎಂಬುದಕ್ಕೆ ಯಾಂಕೀಸ್‌ನ ಕ್ಯಾಮ್ ಶ್ಲಿಟ್ಲರ್ ಸಾಕ್ಷಿ. ಆ 4-0 ಪಂದ್ಯದಲ್ಲಿ 8 ಇನ್ನಿಂಗ್ಸ್ (ಎರಡೂ ತಂಡಗಳು ಒಂದೊಂದು ಸಲ ಬ್ಯಾಟ್ ಮಾಡುವ ಸುತ್ತು, ಪಂದ್ಯಕ್ಕೆ 9) ಎಸೆದು 12 ಮಂದಿಯನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿದ, ಅದು ಅವನ ಮೊದಲ ಋತು.

ಪ್ರಶ್ನೆ: 9 ಇನ್ನಿಂಗ್ಸ್ ಮುಗಿದರೂ ಸಮವಾಗಿದ್ದರೆ? ಮಳೆ ಬಂದರೆ?

ಉತ್ತರ: ಲೀಗ್ ಹಂತದಲ್ಲಿ 10ನೆಯ ಇನ್ನಿಂಗ್ಸ್‌ನಿಂದ ಎರಡನೆಯ ಬೇಸ್‌ನಲ್ಲಿ, ಅಂದರೆ ರನ್‌ನ ಅರ್ಧ ದಾರಿಯಲ್ಲಿ, ಒಬ್ಬ ಓಟಗಾರನನ್ನು ಸುಮ್ಮನೆ ನಿಲ್ಲಿಸಿಕೊಡುತ್ತಾರೆ. ಇಲ್ಲಿ ಆ ದಾನವಿಲ್ಲ, ಆದ್ದರಿಂದ ಪಂದ್ಯ ಎಳೆಯಬಹುದು. 2022ರ ಅಕ್ಟೋಬರ್ 8ರಂದು ಕ್ಲೀವ್‌ಲ್ಯಾಂಡ್ ಮತ್ತು ಟ್ಯಾಂಪಾ ಬೇ 14 ಇನ್ನಿಂಗ್ಸ್ ಒಂದೂ ರನ್ ಇಲ್ಲದೆ ಆಡಿದವು. 15ರಲ್ಲಿ ಆಸ್ಕರ್ ಗೊನ್ಸಾಲೆಸ್ ಹೋಮ್ ರನ್ ಹೊಡೆದು 1-0 ಮಾಡಿದಾಗಲೇ ಮುಗಿದದ್ದು. ಮಳೆಗೆ ಪಂದ್ಯ ಮೊಟಕುಗೊಳಿಸುವಂತಿಲ್ಲ. ನಿಂತಲ್ಲಿಂದಲೇ ಮುಂದುವರಿಸಿ ಪೂರ್ತಿ ಆಡಿಸಬೇಕು. ಡಕ್‌ವರ್ತ್-ಲೂಯಿಸ್‌ನ ತಲೆನೋವು ಅಲ್ಲಿಲ್ಲ.

ಪ್ರಶ್ನೆ: ನಮ್ಮಲ್ಲಿ ಎಷ್ಟು ಹೊತ್ತಿಗೆ ನೋಡಬಹುದು?

ಉತ್ತರ: ಅಕ್ಟೋಬರ್ ಆರಂಭದಲ್ಲಿ ನ್ಯೂಯಾರ್ಕ್ ಸಮಯಕ್ಕೆ ಒಂಬತ್ತೂವರೆ ಗಂಟೆ ಕೂಡಿಸಿ. ಅಲ್ಲಿ ಮಧ್ಯಾಹ್ನ 1ಕ್ಕೆ ಶುರುವಾದರೆ ಇಲ್ಲಿ ರಾತ್ರಿ 10.30, ಅಲ್ಲಿ ರಾತ್ರಿ 8 ಅಂದರೆ ಇಲ್ಲಿ ಮರುದಿನ ಬೆಳಗ್ಗೆ 5.30.